ಓದುಗರ ಪ್ರಶ್ನೆ: ಸಾಲಿನ ಮೇಲೆ ಕಣ್ಣಿನ ನೆಗೆತ

ಪ್ರಶ್ನೆ: ಓದುವಾಗ ಕಣ್ಣು ಒಂದೇ ಸಮನೆ ಸರಿಯುವುದಿಲ್ಲ, ನೆಗೆನೆಗೆದು ಹೋಗುತ್ತದೆ ಎಂದು ಕೇಳಿದ್ದೇನೆ. ನನಗಂತೂ ಹಾಗೆ ಅನ್ನಿಸುವುದೇ ಇಲ್ಲ. ಇದನ್ನು ಮೊದಲು ಪತ್ತೆ ಹಚ್ಚಿದ್ದು ಹೇಗೆ?

ಉತ್ತರ: ನೀವು ಕೇಳಿದ್ದು ನಿಜ. ಕಣ್ಣು ಒಂದು ಕಡೆ ಸುಮಾರು 200ರಿಂದ 250 ಮಿಲಿಸೆಕೆಂಡು ನಿಲ್ಲುತ್ತದೆ. ಆಮೇಲೆ 30 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಂದಿನ ಜಾಗಕ್ಕೆ ನೆಗೆಯುತ್ತದೆ. ಅಕ್ಷರಗಳನ್ನು ಅದು ಗ್ರಹಿಸುವುದೆಲ್ಲ ನಿಂತಾಗಲೇ. ನೂರು ನೆಗೆತಗಳಲ್ಲಿ ಹತ್ತು ಹದಿನೈದು ಹಿಂದಕ್ಕೂ ಇರುತ್ತವೆ; ಓದಿದ್ದು ಸರಿಯಾಗಿ ದಕ್ಕದಿದ್ದಾಗ ಇವು ಹೆಚ್ಚುತ್ತವೆ. ವಿಜ್ಞಾನಿಗಳು ಈ ನೆಗೆತವನ್ನು ಸಕಾಡ್ ಎಂದು ಕರೆಯುತ್ತಾರೆ.

ಹೀಗೇಕೆ ನೆಗೆಯಬೇಕು? ಕಣ್ಣಿನ ಒಳಗೆ ಹಿಂಬದಿಯಲ್ಲಿ ಬಿಂಬ ಮೂಡುವ ಪದರ ರೆಟಿನಾ; ಅದರಲ್ಲಿ ಅತಿ ಸ್ಪಷ್ಟವಾಗಿ ಕಾಣುವ ಭಾಗ ಫೋವಿಯಾ. ಅದು ಹಿಡಿಯುವುದು ಹೆಚ್ಚುಕಡಿಮೆ 2 ಡಿಗ್ರಿ ಅಗಲವನ್ನು ಮಾತ್ರ. ಪುಸ್ತಕ 40 ಸೆಂಟಿಮೀಟರ್ ದೂರದಲ್ಲಿದ್ದರೆ ಅದು ಒಂದೂವರೆ ಸೆಂಟಿಮೀಟರ್ ಕೂಡ ಆಗದು. ಅದರಾಚೆ ಅಕ್ಷರಗಳು ಬರಬರುತ್ತಾ ಮಸುಕಾಗುತ್ತವೆ. ಹಾಗಾಗಿ ಮುಂದಿನ ಪದ ಬೇಕೆಂದರೆ ಫೋವಿಯಾವನ್ನೇ ಅಲ್ಲಿಗೆ ಒಯ್ಯಬೇಕು.

ಇದನ್ನು ಮೊದಲು ಹಿಡಿದದ್ದು ಕಣ್ಣಲ್ಲ, ಕಿವಿ. 1879ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ, ಕಣ್ಣಿನ ವೈದ್ಯ ಎಮಿಲ್ ಜಾವಾಲ್ ಅವರ ಪ್ರಯೋಗಾಲಯದಲ್ಲಿ, ಲಾಮಾರ್ ಎಂಬ ಸಂಶೋಧಕರು ಓದುವವರ ಮೇಲ್ರೆಪ್ಪೆಗೆ ಮೊಂಡು ತುದಿಯ ಕಡ್ಡಿಯೊಂದನ್ನು ತಾಗಿಸಿ, ಅದರ ಅಲುಗಾಟವನ್ನು ರಬ್ಬರು ಕೊಳವೆಯ ಮೂಲಕ ಕಿವಿಗೆ ತಂದುಕೊಂಡರು. ಕಣ್ಣು ನೆಗೆದಾಗಲೆಲ್ಲ ಒಂದು ಸದ್ದು. ಸದ್ದುಗಳನ್ನು ಎಣಿಸಿದರೆ ಸಾಲಿಗೆ ಎಷ್ಟು ನೆಗೆತ ಎಂದು ತಿಳಿಯುತ್ತಿತ್ತು. ಅದೇ ವರ್ಷ ಜರ್ಮನ್ ಶರೀರಶಾಸ್ತ್ರಜ್ಞ ಎವಾಲ್ಡ್ ಹೆರಿಂಗ್ ಕೂಡ ಬೇರೆಯಾಗಿಯೇ, ರೆಪ್ಪೆಗೆ ಕೊಳವೆ ಇಟ್ಟು ಕೇಳುವ ಪ್ರಯೋಗವನ್ನು ಪ್ರಕಟಿಸಿದರು. ಪಠ್ಯಪುಸ್ತಕಗಳು ಬಹುಕಾಲ ಜಾವಾಲ್ ಹೆಸರೊಂದನ್ನೇ ಹೇಳುತ್ತಾ ಬಂದವು. ಕಡ್ಡಿ ಇಟ್ಟು ಕಿವಿಗೊಟ್ಟವರಿಗೂ ಆ ಗೌರವ ಸಲ್ಲಬೇಕು.

ಸದ್ದಿನಿಂದ ನೆಗೆತದ ಸಂಖ್ಯೆ ಸಿಗುತ್ತದೆ. ಎಷ್ಟು ದೂರ, ಎಷ್ಟು ವೇಗ ಎನ್ನುವುದು ಸಿಗುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಎಡ್ಮಂಡ್ ಹ್ಯೂಯಿ 1898ರಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಪುಟ್ಟ ಬಟ್ಟಲು ಮಾಡಿ, ನೋಡಲು ನಡುವೆ ತೂತು ಬಿಟ್ಟು, ಕೊಕೇನ್ ದ್ರಾವಣದಿಂದ ಮರಗಟ್ಟಿಸಿದ ಕಣ್ಣಿಗೆ ಅಂಟಿಸಿದರು. ಬಟ್ಟಲಿಗೆ ಸೇರಿಸಿದ ಹಗುರವಾದ ಅಲ್ಯೂಮಿನಿಯಂ ಸೂಚಿ, ತಿರುಗುವ ಉರುಳೆಗೆ ಸುತ್ತಿದ ಮಸಿ ಹಿಡಿಸಿದ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ತೊಡಕು ಅಲ್ಲೇ ಇತ್ತು. ಎಷ್ಟೇ ಹಗುರವಾಗಿರಲಿ, ಹೊರೆ ಹೊರೆಯೇ. ಕಣ್ಣು ಥಟ್ಟನೆ ಹೊರಟು ಥಟ್ಟನೆ ನಿಲ್ಲುವಂಥದ್ದು. ಅದಕ್ಕೆ ಭಾರ ಕಟ್ಟಿದರೆ ಅಳತೆಯಲ್ಲಿ ಕಣ್ಣಿನ ವೇಗವೆಷ್ಟು, ಸೂಚಿಯ ಜಡತ್ವವೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಈ ಕಗ್ಗಂಟನ್ನು ಬಿಡಿಸಿದವರು ಅಮೆರಿಕದ ಇನ್ನೊಬ್ಬ ಮನೋವಿಜ್ಞಾನಿ ರೇಮಂಡ್ ಡಾಡ್ಜ್. 1901ರಲ್ಲಿ ಅವರು ಕ್ಲೈನ್ ಎಂಬವರ ಜೊತೆ ಸೇರಿ ಕಣ್ಣನ್ನು ಮುಟ್ಟದೆಯೇ, ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮೇಲೆ ಮಿನುಗುವ ಬೆಳಕಿನ ಬಿಂದುವಿನ ಫೋಟೋ ತೆಗೆದರು. ಕ್ಯಾಮೆರಾದೊಳಗೆ ಫೋಟೋ ತಟ್ಟೆ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಕಣ್ಣು ನಿಂತರೆ ನೇರ ಗೆರೆ, ನೆಗೆದರೆ ಪಕ್ಕಕ್ಕೆ ಮುರಿದ ಗೆರೆ. ಇಂದಿನ ಐ ಟ್ರ್ಯಾಕರ್‌ಗಳಲ್ಲಿ ಹೆಚ್ಚಿನವು ಕಾರ್ನಿಯಾದ ಇದೇ ಹೊಳಪನ್ನು ಅತಿಗೆಂಪು ಬೆಳಕಿನಲ್ಲಿ ಹಿಡಿದು, ಪಾಪೆಯ ಕೇಂದ್ರದೊಂದಿಗೆ ಹೋಲಿಸಿ ನೋಟದ ದಿಕ್ಕನ್ನು ಲೆಕ್ಕ ಹಾಕುತ್ತವೆ.

ಪ್ರಶ್ನೆ: ಉಪಕರಣವಿಲ್ಲದೆ ಶಾಲೆಯಲ್ಲಿ ಮಕ್ಕಳಿಗೆ ಇದನ್ನು ತೋರಿಸಬಹುದೇ? ಕನ್ನಡಿ ಮುಂದೆ ಪ್ರಯತ್ನಿಸಿದರೆ ಏನೂ ಕಾಣುವುದಿಲ್ಲ.

ಉತ್ತರ: ಕನ್ನಡಿಯಲ್ಲಿ ಕಾಣದಿರುವುದೇ ಒಂದು ಒಳ್ಳೆಯ ಪಾಠ. 25 ಸೆಂಟಿಮೀಟರ್ ದೂರದಲ್ಲಿ ಕನ್ನಡಿ ಹಿಡಿದು, ತಲೆ ಅಲುಗಿಸದೆ, ನಿಮ್ಮ ಎಡಗಣ್ಣನ್ನು ನೋಡಿ, ಬಲಗಣ್ಣನ್ನು ನೋಡಿ, ಮತ್ತೆ ಎಡಗಣ್ಣಿಗೆ ಬನ್ನಿ. ಕಣ್ಣು ಹೊರಳಿದ್ದು ನಿಮಗೆ ಕಾಣದು, ಪಕ್ಕದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕಾಣುತ್ತದೆ. ಎರ್ಡ್‌ಮನ್ ಮತ್ತು ಡಾಡ್ಜ್ 1898ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ನೆಗೆತದ ವೇಳೆ ರೆಟಿನಾದ ಮೇಲಿನ ಬಿಂಬ ಕಲಸಿಹೋಗಿರುತ್ತದೆ, ಹಿಂದು ಮುಂದಿನ ಸ್ಪಷ್ಟ ಬಿಂಬಗಳು ಆ ಕಲಸಿದ ಬಿಂಬವನ್ನು ಮುಚ್ಚಿಹಾಕುತ್ತವೆ. ಜೊತೆಗೆ ಆ ಕ್ಷಣದಲ್ಲಿ ಮಿದುಳು ದೃಷ್ಟಿಯ ಸೂಕ್ಷ್ಮತೆಯನ್ನೂ ತಗ್ಗಿಸುತ್ತದೆ. ಕನ್ನಡಿಯ ಬದಲು ಮೊಬೈಲಿನ ಸೆಲ್ಫಿ ಕ್ಯಾಮೆರಾ ಬಳಸಿದರೆ ಹೊರಳುವುದು ಕಂಡುಬಿಡುತ್ತದೆ, ಏಕೆಂದರೆ ಪರದೆಯ ಚಿತ್ರ ತುಸು ತಡವಾಗಿ ಬರುತ್ತದೆ. ಅಷ್ಟರಲ್ಲಿ ನಿಮ್ಮ ಕಣ್ಣು ನಿಂತಿರುತ್ತದೆ.

ಇನ್ನು ಓದುವ ಕಣ್ಣನ್ನು ನೋಡುವ ಬಗೆ. ಅಚ್ಚಾದ ಎ4 ಹಾಳೆಯ ನಡುಭಾಗದಲ್ಲಿ, ಎರಡು ಸಾಲುಗಳ ಮಧ್ಯೆ, 6 ಮಿಲಿಮೀಟರ್ ತೂತು ಮಾಡಿ. ಹಾಳೆಯನ್ನು ಓದುವವರ ಮುಖದಿಂದ 35ರಿಂದ 40 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಹಿಂದಿನಿಂದ ತೂತಿಗೆ ಕಣ್ಣಿಟ್ಟು ನೋಡಿ. ಓದುವವರು ಮನಸ್ಸಿನಲ್ಲೇ ಓದಲಿ. ಹಲವರು ಸೋಲುವುದು ಎರಡು ಕಡೆ. ಹಾಳೆ ತಗ್ಗಿನಲ್ಲಿದ್ದರೆ ಮೇಲ್ರೆಪ್ಪೆ ಇಳಿದು ಕಣ್ಣನ್ನು ಮರೆಮಾಡುತ್ತದೆ. ಕಣ್ಣಿನ ಮಟ್ಟಕ್ಕೆ ಅಥವಾ ತುಸು ಮೇಲಕ್ಕೇ ಹಿಡಿಯಿರಿ. ಬೆಳಕು ಓದುವವರ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಕಿಟಕಿ ಅವರ ಪಕ್ಕದಲ್ಲಿ, ಸ್ವಲ್ಪ ಮುಂದೆ ಇರಲಿ. ಮೊದಲು ಸಾಲಿನ ಕೊನೆಯಿಂದ ಮುಂದಿನ ಸಾಲಿನ ಆರಂಭಕ್ಕೆ ಬರುವ ಉದ್ದನೆಯ ಹಿನ್ನೆಗೆತವನ್ನು ಗುರುತಿಸಿಕೊಳ್ಳಿ. ಅಂಥ ಎರಡರ ನಡುವಿನ ಸಣ್ಣ ನೆಗೆತಗಳನ್ನು ಎಣಿಸಿದರೆ ಸಾಲಿನ ಲೆಕ್ಕ ಸಿಗುತ್ತದೆ. ಒಂದು ನೆಗೆತಕ್ಕೆ ಏಳರಿಂದ ಒಂಬತ್ತು ಅಕ್ಷರ ಎಂಬ ಲೆಕ್ಕ ಪುಸ್ತಕಗಳಲ್ಲಿ ಸಿಗುತ್ತದೆ, ಅದು ಇಂಗ್ಲಿಷಿನದು. ಒತ್ತಕ್ಷರ, ಗುಣಿತ ಎಲ್ಲ ಸೇರಿ ಒಂದೇ ಅಕ್ಷರವಾಗುವ ಕನ್ನಡಕ್ಕೆ ಅದನ್ನು ಹಾಗೇ ಹಚ್ಚಬೇಡಿ.

ಕಣ್ಣಿಗೆ, ರೆಪ್ಪೆಗೆ ಏನನ್ನಾದರೂ ತಾಗಿಸುವ ಹಳೆಯ ಪ್ರಯೋಗಗಳನ್ನು ಮಕ್ಕಳ ಮೇಲೆ ಮಾಡಲೇಬಾರದು.

ಪ್ರಶ್ನೆ: ಕಣ್ಣು ನೆಗೆಯದೆ ನಯವಾಗಿ ಸಾಗುವುದೇ ಇಲ್ಲವೇ?

ಉತ್ತರ: ಸಾಗುತ್ತದೆ, ಆದರೆ ಚಲಿಸುವ ವಸ್ತುವೊಂದು ಎದುರಿಗೆ ಬೇಕು. ಬೆರಳನ್ನು ನಿಧಾನವಾಗಿ ಆಚೀಚೆ ಆಡಿಸಿದರೆ ಕಣ್ಣು ನಯವಾಗಿ ಹಿಂಬಾಲಿಸುತ್ತದೆ. ಬೆರಳು ತೆಗೆದು ಖಾಲಿ ಗೋಡೆಯ ಮೇಲೆ ಹಾಗೆಯೇ ಸರಿಸಲು ಹೇಳಿ, ತುಂಡು ತುಂಡಾಗಿ ನೆಗೆಯುತ್ತದೆ. ಬಸ್ಸಿನ ಕಿಟಕಿಯಿಂದ ಹೊರಗೆ ನೋಡುವವರ ಕಣ್ಣಿನಲ್ಲಿ ಎರಡೂ ಸಿಗುತ್ತವೆ: ಮರವೊಂದರ ಜೊತೆ ನಯವಾಗಿ ಹಿಂದಕ್ಕೆ, ಮುಂದಿನ ಮರಕ್ಕೆ ಥಟ್ಟನೆ ನೆಗೆತ.

ಪ್ರಶ್ನೆ: ಕಣ್ಣು ಹೊರಳಿಸುವ ವ್ಯಾಯಾಮದಿಂದ ಕನ್ನಡಕ ಬಿಡಬಹುದೇ?

ಉತ್ತರ: ಇಲ್ಲ. ಹೊರಳಿಸುವ ಸ್ನಾಯುಗಳು ಒಂದೊಂದು ಕಣ್ಣಿಗೆ ಆರು. ಸಮೀಪದೃಷ್ಟಿಗೆ ಸಾಮಾನ್ಯವಾಗಿ ಕಾರಣ ಕಣ್ಣಿನ ಗುಡ್ಡೆ ಉದ್ದವಾಗಿರುವುದು. ಸ್ನಾಯುಗಳಿಗೆ ಎಷ್ಟೇ ಸಾಧನೆ ಕೊಟ್ಟರೂ ಗುಡ್ಡೆ ಗಿಡ್ಡವಾಗದು. ವ್ಯಾಯಾಮ ನಿಜಕ್ಕೂ ಕೆಲಸ ಮಾಡುವ ಜಾಗ ಬೇರೆ: ಹತ್ತಿರದ್ದನ್ನು ನೋಡಲು ಎರಡೂ ಕಣ್ಣು ಮೂಗಿನತ್ತ ಸಾಕಷ್ಟು ಕೂಡಿಕೊಳ್ಳದ ತೊಂದರೆ. ಅದನ್ನೂ ಪರೀಕ್ಷೆ ಮಾಡಿಸಿ, ಹೇಳಿಸಿಕೊಂಡೇ ಮಾಡಬೇಕು.

ಒಂದು ವಸ್ತು ಎರಡಾಗಿ ಕಂಡರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದರೂ ಒಂದೇ ಕಾಣುವುದಾದರೆ ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಎಂದರ್ಥ. ಒಂದು ಕಣ್ಣು ಮುಚ್ಚಿದಾಗಲೂ ತೆರೆದ ಕಣ್ಣಿಗೆ ಎರಡಾಗಿಯೇ ಕಂಡರೆ ಆ ಕಣ್ಣಿನ ಪವರ್, ಕಾರ್ನಿಯಾ ಅಥವಾ ಪೊರೆಯ ಕಡೆ ನೋಡಬೇಕು. ಮೊದಲನೆಯದು ದಿಢೀರನೆ ಶುರುವಾದರೆ, ಅದರಲ್ಲೂ ರೆಪ್ಪೆ ಜೋತುಬಿದ್ದರೆ ಅಥವಾ ತಲೆನೋವು ಜೊತೆಗಿದ್ದರೆ, ಸ್ನಾಯುಗಳ ನರಕ್ಕೆ ತೊಂದರೆಯಾಗಿರಬಹುದು. ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.