ಅಕ್ಷರ ನಿರ್ದೇಶಾಂಕಗಳು ಮತ್ತು ಮೂಲಬಿಂದುವಿನ ಆಯ್ಕೆ

ಪ್ರಶ್ನೆ: ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ಮಧ್ಯಬಿಂದುವು ಮೂರೂ ಶೃಂಗಗಳಿಂದ ಸಮಾನ ದೂರದಲ್ಲಿರುತ್ತದೆ ಎಂದು ಸಾಧಿಸಲು, ಹತ್ತನೆಯ ತರಗತಿಯಲ್ಲಿರುವ ನನ್ನ ಮಗಳು (0, 0), (6, 0), (0, 8) ಎಂಬ ಶೃಂಗಗಳನ್ನು ತೆಗೆದುಕೊಂಡು ಮೂರೂ ದೂರ 5 ಎಂದು ತೋರಿಸಿದಳು. ಗುರುಗಳು ಅದನ್ನು ಸಾಧನೆಯೆಂದು ಒಪ್ಪದೆ ಅಕ್ಷರಗಳನ್ನು ಬಳಸಲು ಹೇಳಿದರು. ಅಕ್ಷರ ಬಳಸಿದಾಗಲೂ ಒಂದು ಶೃಂಗವನ್ನು ಮೂಲಬಿಂದುವಿನಲ್ಲಿಯೇ, ಅಂದರೆ (0, 0)ದಲ್ಲಿಯೇ ಇಡುತ್ತಾರಲ್ಲ, ಅದೂ ವಿಶೇಷ ತ್ರಿಭುಜವೇ ಆಗುವುದಿಲ್ಲವೇ?
– ಓದುಗರೊಬ್ಬರು, ಗದಗ

ಉತ್ತರ: ನಿಮ್ಮ ಮಗಳ ಲೆಕ್ಕ ಸರಿಯಾಗಿದೆ, ಆದರೆ ಅದು 6 ಮತ್ತು 8 ಮಾನಗಳ ಬಾಹುಗಳುಳ್ಳ ತ್ರಿಭುಜಕ್ಕಷ್ಟೇ ಸಲ್ಲುತ್ತದೆ. ಲಂಬಕೋನದ ಶೃಂಗವನ್ನು (0, 0) ಎಂದೂ ಉಳಿದೆರಡನ್ನು (2ಎ, 0), (0, 2ಬಿ) ಎಂದೂ ಬರೆದರೆ ಮಧ್ಯಬಿಂದು (ಎ, ಬಿ) ಆಗುತ್ತದೆ, ಅಲ್ಲಿಂದ ಮೂರೂ ಶೃಂಗಗಳಿಗಿರುವ ದೂರ √(ಎ² + ಬಿ²) ಎಂದು ದೂರಸೂತ್ರದಿಂದಲೇ ಸಿಗುತ್ತದೆ. ಎ, ಬಿಗಳಿಗೆ ಯಾವ ಬೆಲೆಯನ್ನೂ ಗೊತ್ತುಪಡಿಸಿಲ್ಲವಾದ್ದರಿಂದ ಇದು ಎಲ್ಲ ಲಂಬಕೋನ ತ್ರಿಭುಜಗಳಿಗೂ ಅನ್ವಯಿಸುತ್ತದೆ. 2ಎ, 2ಬಿ ಎಂದು ಬರೆದದ್ದು ಭಿನ್ನರಾಶಿಗಳನ್ನು ತಪ್ಪಿಸಲು ಮಾತ್ರ.

ನಿಮ್ಮ ಎರಡನೆಯ ಸಂದೇಹವೇ ಹೆಚ್ಚು ಬೆಲೆಯುಳ್ಳದ್ದು. ಉದ್ದ ಮತ್ತು ಕೋನಗಳು ಆಕೃತಿಗೆ ಸೇರಿದವು, ಅಕ್ಷಗಳು ನಾವು ಎಳೆದುಕೊಂಡವು. ನಿಮ್ಮ ಕಡೆಯ ಎರೆ ಹೊಲವನ್ನು ಯಾವ ಮೂಲೆಯಿಂದ ಅಳೆಯಲು ತೊಡಗಿದರೂ ಹೊಲದ ಆಕಾರ ಬದಲಾಗದಂತೆ, ಅಕ್ಷಗಳನ್ನು ಎಲ್ಲಿಟ್ಟರೂ, ಹೇಗೆ ತಿರುಗಿಸಿದರೂ ತ್ರಿಭುಜ ಹಾಗೆಯೇ ಇರುತ್ತದೆ. ಹೀಗಾಗಿ ಲಂಬಕೋನವನ್ನು ಮೂಲಬಿಂದುವಿನಲ್ಲಿ ಇಟ್ಟುಕೊಂಡರೆ ಯಾವ ತ್ರಿಭುಜವೂ ಕೈಬಿಟ್ಟುಹೋಗುವುದಿಲ್ಲ. ಆದರೆ (2ಎ, 0), (0, 2ಎ) ಎಂದು ಒಂದೇ ಅಕ್ಷರ ಬಳಸಿದರೆ ಬಾಹುಗಳು ಸಮವಾಗಿ, ಸಾಧನೆ ಸಮದ್ವಿಬಾಹು ತ್ರಿಭುಜಗಳಿಗೆ ಮಾತ್ರ ನಿಲ್ಲುತ್ತದೆ. ಹೀಗಿಡಲು ಅಕ್ಷಗಳನ್ನು ಸರಿಸಿದರೆ ಸಾಕೇ, ಇಲ್ಲವೇ ಆಕೃತಿಯನ್ನೇ ಬದಲಿಸಬೇಕೇ ಎಂದು ಮಗಳು ಪ್ರತಿ ಸಲವೂ ಕೇಳಿಕೊಳ್ಳಲಿ.

ಯಾವುದೇ ತ್ರಿಭುಜಕ್ಕೆ (0, 0), (2ಎ, 0) ಆದ ಮೇಲೆ ಮೂರನೆಯ ಶೃಂಗ (2ಬಿ, 2ಸಿ) ಆಗಬೇಕು. ಅದನ್ನು (0, 2ಸಿ) ಎಂದರೆ ತ್ರಿಭುಜ ಲಂಬಕೋನದ್ದಾಗುತ್ತದೆ, (ಎ, 2ಸಿ) ಎಂದರೆ ಸಮದ್ವಿಬಾಹುವಾಗುತ್ತದೆ. ಪರೀಕ್ಷೆಯ ಉತ್ತರಗಳು ಸಾಮಾನ್ಯವಾಗಿ ಜಾರುವುದು ಇಲ್ಲಿಯೇ. ಸಮಾಂತರ ಚತುರ್ಭುಜದಲ್ಲಾದರೋ ಇದಕ್ಕೆ ವಿರುದ್ಧವಾದ ಎಚ್ಚರ ಬೇಕು: (0, 0), (ಎ, 0), (ಬಿ, ಸಿ) ಆದ ಮೇಲೆ ಮೂಲಬಿಂದುವಿಗೆ ಎದುರಾಗಿ ಉಳಿದ ಶೃಂಗಕ್ಕೆ ಹೊಸ ಅಕ್ಷರ ಕೊಡದೆ (ಎ + ಬಿ, ಸಿ) ಎಂದೇ ಬರೆಯಬೇಕು, ಏಕೆಂದರೆ ದತ್ತ ಸಮಾಂತರತೆ ಬಳಕೆಯಾಗುವುದು ಅಲ್ಲಿಯೇ.

ಗಣಿತಜ್ಞ ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ಈ ನಿರ್ದೇಶಾಂಕ ಮಾರ್ಗದ ಬಲವನ್ನು ಕಾಣಲು, ಫ್ರಾನ್ಸಿನ ಗಣಿತಜ್ಞ ವರಿನ್ಯಾನ್ ಅವರ ಹೆಸರಿನ ಪ್ರಮೇಯವನ್ನು ಮಗಳಿಗೆ ಕೊಡಿ: ಯಾವುದೇ ಚತುರ್ಭುಜದ ಬಾಹುಗಳ ಮಧ್ಯಬಿಂದುಗಳನ್ನು ಕ್ರಮವಾಗಿ ಸೇರಿಸಿದರೆ ಸಮಾಂತರ ಚತುರ್ಭುಜ ದೊರೆಯುತ್ತದೆ. ಶೃಂಗಗಳು (0, 0), (2ಎ, 0), (2ಬಿ, 2ಸಿ), (2ಡಿ, 2ಇ) ಆಗಿರಲಿ. ಮಧ್ಯಬಿಂದುಗಳು (ಎ, 0), (ಎ + ಬಿ, ಸಿ), (ಬಿ + ಡಿ, ಸಿ + ಇ), (ಡಿ, ಇ). ಮೊದಲನೆಯದನ್ನು ಮೂರನೆಯದಕ್ಕೂ ಎರಡನೆಯದನ್ನು ನಾಲ್ಕನೆಯದಕ್ಕೂ ಸೇರಿಸುವ ಕರ್ಣಗಳೆರಡಕ್ಕೂ ((ಎ + ಬಿ + ಡಿ)/2, (ಸಿ + ಇ)/2) ಎಂಬ ಒಂದೇ ಮಧ್ಯಬಿಂದು ಬರುತ್ತದೆ. ಕರ್ಣಗಳು ಪರಸ್ಪರ ಅರ್ಧಿಸುವುದರಿಂದ ಪ್ರಮೇಯ ಸಾಧಿತವಾಯಿತು. ಅಕ್ಷರಗಳು ಋಣ ಸಂಖ್ಯೆಗಳೂ ಆಗಬಹುದಾದ್ದರಿಂದ, ಒಂದು ಶೃಂಗ ಒಳಬಾಗಿರುವ ಚತುರ್ಭುಜಕ್ಕೂ ಇದೇ ಲೆಕ್ಕ ಒಂದಕ್ಷರವೂ ಬದಲಾಗದೆ ಸಲ್ಲುತ್ತದೆ.