ಡೇವಿಸ್‌ನಲ್ಲಿ ಕೂತಿದ್ದ ವಿದ್ಯಾರ್ಥಿಗಳ ಮೇಲೆ ಪೆಪ್ಪರ್ ಸ್ಪ್ರೇ: ಆದೇಶ ಯಾರದು, ತಪ್ಪು ಎಲ್ಲಿ?

ನಿಮ್ಮದು ಒಂದರಲ್ಲೇ ಮೂರು ಪ್ರಶ್ನೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ 2011ರ ವಿಡಿಯೊದಲ್ಲಿ ಕಾಣುವುದು ಒಬ್ಬ ಪೊಲೀಸ್ ಅಧಿಕಾರಿಯ ದುಡುಕೋ, ಮೇಲಿನವರ ಆದೇಶವೋ? ಆಮೇಲೆ ಯಾರಿಗೇನಾಯಿತು? ಅಂಥ ಸ್ಪ್ರೇ ಮುಖಕ್ಕೆ ಬಿದ್ದರೆ ಏನು ಮಾಡಬೇಕು?

ಸ್ಪ್ರೇ ಹೊಡೆಯಿರಿ ಎಂದು ಆಡಳಿತದ ಯಾರೂ ಹೇಳಿರಲಿಲ್ಲ. ಆದರೆ ಹಿಂದಿನ 24 ಗಂಟೆಗಳಲ್ಲಿ ಮೇಲಿನವರು ತೆಗೆದುಕೊಂಡ ಒಂದೊಂದು ತೀರ್ಮಾನವೂ ಪೊಲೀಸರನ್ನು ಆ ಜಾಗಕ್ಕೆ ತಂದು ನಿಲ್ಲಿಸಿತು. ತನಿಖೆ ಮಾಡಿದ ಸಮಿತಿಯ ಮುಖ್ಯಸ್ಥರು ಕ್ರೂಸ್ ರೆನೋಸೊ, ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿ. ಇದು ತಪ್ಪಿಸಬಹುದಾಗಿದ್ದ, ತಪ್ಪಿಸಲೇಬೇಕಾಗಿದ್ದ ಘಟನೆ ಎಂದು 2012ರ ಏಪ್ರಿಲ್‌ನಲ್ಲಿ ಬಂದ ಅವರ ವರದಿ ಶುರುವಿನಲ್ಲೇ ಹೇಳುತ್ತದೆ. ನನ್ನ ಅಭಿಪ್ರಾಯವೂ ಅದೇ. ವಿಡಿಯೊ ಮಾತ್ರ ನೋಡಿದವರಿಗೆ ಸಿಟ್ಟೆಲ್ಲ ಆ ಒಬ್ಬ ಅಧಿಕಾರಿಯ ಮೇಲೆ ಹೋಗುತ್ತದೆ, ಉಳಿದವರು ಕಣ್ಣಿಗೆ ಬೀಳುವುದೇ ಇಲ್ಲ.

ವಿದ್ಯಾರ್ಥಿಗಳು ಯಾಕೆ ಕೂತಿದ್ದರು ಎಂಬುದು ಮೊದಲು ಗೊತ್ತಿರಬೇಕು. 2009ರ ನವೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಶುಲ್ಕವನ್ನು ಶೇ. 32ರಷ್ಟು ಏರಿಸಿತ್ತು. 2011ರಲ್ಲಿ, ರಾಜ್ಯ ಸರ್ಕಾರ ಅನುದಾನ ಹೆಚ್ಚಿಸದಿದ್ದರೆ ನಾಲ್ಕು ವರ್ಷಗಳಲ್ಲಿ ಶೇ. 81ರವರೆಗೆ ಏರಬಹುದೆಂಬ ಪ್ರಸ್ತಾವ ಚರ್ಚೆಗೆ ಬಂತು. ಅಷ್ಟರಲ್ಲಿ ನವೆಂಬರ್ 9ರಂದು ಬರ್ಕ್ಲಿ ಕ್ಯಾಂಪಸ್‌ನಲ್ಲಿ ತೋಳಿಗೆ ತೋಳು ಹೆಣೆದು ನಿಂತಿದ್ದ ವಿದ್ಯಾರ್ಥಿಗಳನ್ನು ಪೊಲೀಸರು ಲಾಠಿಯಿಂದ ತಿವಿದರು. ಹಾಗೆ ತೋಳು ಹೆಣೆಯುವುದು ಅಹಿಂಸಾತ್ಮಕ ಅಲ್ಲ ಎಂದು ಅಲ್ಲಿನ ಚಾನ್ಸಲರ್ (ನಮ್ಮ ಕುಲಪತಿಗಳ ಸ್ಥಾನ) ಹೇಳಿಕೆ ಕೊಟ್ಟಿದ್ದು ಗಾಯಕ್ಕೆ ಉಪ್ಪು ಸವರಿತು. ಡೇವಿಸ್‌ನ ಪ್ರತಿಭಟನೆ ಶುಲ್ಕದ ವಿರುದ್ಧವೂ ಹೌದು, ಬರ್ಕ್ಲಿಯ ಲಾಠಿಯ ವಿರುದ್ಧವೂ ಹೌದು. ನವೆಂಬರ್ 17ರ ಗುರುವಾರ ಕ್ಯಾಂಪಸ್ ನಡುವಿನ ಕ್ವಾಡ್ ಎಂಬ ಹುಲ್ಲು ಮೈದಾನದಲ್ಲಿ ಟೆಂಟ್‌ಗಳು ಎದ್ದವು.

ನಮ್ಮ ಕಡೆಯವರು ಗಮನಿಸಬೇಕಾದ ಒಂದು ವ್ಯತ್ಯಾಸ ಇದೆ. ಬೆಂಗಳೂರಿನಲ್ಲಿ ವಿಶ್ವವಿದ್ಯಾಲಯದೊಳಗೆ ಗಲಾಟೆಯಾದರೆ ಬರುವುದು ನಗರ ಪೊಲೀಸರು, ಅವರ ಮೇಲಧಿಕಾರಿ ಪೊಲೀಸ್ ಕಮಿಷನರ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಅದರದೇ ಪೊಲೀಸ್ ಇಲಾಖೆ ಇದೆ. ಬಂದೂಕು, ಬಂಧಿಸುವ ಅಧಿಕಾರ ಎಲ್ಲವೂ ಉಂಟು, ಸಂಬಳ ಕೊಡುವುದು ಮಾತ್ರ ವಿಶ್ವವಿದ್ಯಾಲಯ. ಹಾಗಾಗಿ ಕ್ಯಾಂಪಸ್‌ನ ಪೊಲೀಸ್ ಮುಖ್ಯಸ್ಥೆ ಆನೆಟ್ ಸ್ಪಿಕೂಜಾ ಅವರು ಚಾನ್ಸಲರ್ ಲಿಂಡಾ ಕಟೇಹಿ ಅವರ ಆಡಳಿತದ ಕೆಳಗೇ ಇದ್ದರು. ಪೊಲೀಸರನ್ನು ಕಳಿಸಿದವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ವಿಶ್ವವಿದ್ಯಾಲಯ ಬೇರೆಯವರತ್ತ ಕೈ ತೋರಿಸುವಂತಿರಲಿಲ್ಲ.

ಮೊದಲ ತಪ್ಪು ಮಾಹಿತಿಯದು. ಟೆಂಟ್‌ಗಳಲ್ಲಿ ಹೊರಗಿನವರು ಸೇರಿಕೊಂಡಿದ್ದಾರೆ, ಸಾರ್ವಜನಿಕ ಜಾಗಗಳಲ್ಲಿ ಟೆಂಟ್ ಹಾಕಿ ಕೂರುವ ಆಕ್ಯುಪೈ ಚಳವಳಿ ಆಗ ಜೋರಾಗಿದ್ದ ಓಕ್‌ಲ್ಯಾಂಡ್ ನಗರದಲ್ಲಿ ಆದಂಥ ಗಲಾಟೆ ಇಲ್ಲೂ ಆಗುತ್ತದೆ, ಚಿಕ್ಕ ವಯಸ್ಸಿನ ವಿದ್ಯಾರ್ಥಿನಿಯರಿಗೆ ಅಪಾಯ ಎಂಬ ಭಯ ಆಡಳಿತಕ್ಕಿತ್ತು. ಅಲ್ಲಿ ಹೋಗಿ ನೋಡಿ ಬಂದಿದ್ದ ವಿದ್ಯಾರ್ಥಿ ವ್ಯವಹಾರ ವಿಭಾಗದ ಸಿಬ್ಬಂದಿಗೆ ಕಂಡದ್ದು ಬೇರೆ: ಇರುವವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳೇ. ಭಯಕ್ಕೆ ಆಧಾರ ಇದೆಯೇ ಎಂದು ಯಾರೂ ಪರಿಶೀಲಿಸಲಿಲ್ಲ.

ಎರಡನೆಯದು ಕಾನೂನು. ಟೆಂಟ್ ತೆಗೆಸಲು ಹಿಡಿದುಕೊಂಡದ್ದು ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ತಂಗುವುದನ್ನು ತಡೆಯುವ ದಂಡಸಂಹಿತೆಯ 647(ಇ) ಕಲಮನ್ನು. ಅದು ರಾತ್ರಿ ತಂಗುವವರಿಗೆ ಸಂಬಂಧಿಸಿದ್ದು. ಕಾರ್ಯಾಚರಣೆ ನಡೆದದ್ದು ಶುಕ್ರವಾರ, ನವೆಂಬರ್ 18ರ ಹಾಡಹಗಲು. ಟೆಂಟ್ ಕಿತ್ತು ಅಡ್ಡ ಬಂದವರನ್ನು ಬಂಧಿಸಲು ಪೊಲೀಸರಿಗೆ ಯಾವ ಕಾನೂನಿನ ಬಲ ಇತ್ತು ಎಂಬುದೇ ಸ್ಪಷ್ಟವಿಲ್ಲ ಎಂದು ವರದಿ ಬರೆಯಿತು. ವಕೀಲರಿಂದ ಒಂದು ಪುಟದ ಲಿಖಿತ ಅಭಿಪ್ರಾಯ ಪಡೆದಿದ್ದರೂ ಇಡೀ ಕಾರ್ಯಾಚರಣೆ ಅಲ್ಲಿಗೇ ನಿಲ್ಲುತ್ತಿತ್ತು ಎಂದು ನನಗನಿಸುತ್ತದೆ.

ಮೂರನೆಯದು ಸಮಯ. ಮಧ್ಯಾಹ್ನ 3 ಗಂಟೆಗೇ ಹೋಗಬೇಕೆಂದು ತೀರ್ಮಾನಿಸಿದ ಮುಖ್ಯ ಹೊಣೆ ಚಾನ್ಸಲರ್ ಅವರದು, ಅದು ಪೊಲೀಸರಿಗೆ ಬಿಡಬೇಕಾದ ತೀರ್ಮಾನವಾಗಿತ್ತು ಎನ್ನುತ್ತದೆ ವರದಿ. ವಾರದ ದಿನ ಆ ಹೊತ್ತಿಗೆ ಕ್ವಾಡ್ ತುಂಬ ಜನ. ಹತ್ತಾರು ಮಂದಿ ಇದ್ದ ಕಡೆ ಕೆಲವೇ ನಿಮಿಷಗಳಲ್ಲಿ ನೂರಾರು ಮಂದಿ ಸೇರುತ್ತಾರೆ. ಹೆಲ್ಮೆಟ್ ಹಾಕಿದ ಪೊಲೀಸರು ಸಾಲಾಗಿ ಬರುವುದೇ ಜನರನ್ನು ಸೆಳೆಯುತ್ತದೆ, ಸೇರಿದ ಜನರನ್ನು ಕಂಡು ಪೊಲೀಸರಿಗೆ ಗಾಬರಿ ಹೆಚ್ಚುತ್ತದೆ.

ಎಲ್ಲಕ್ಕಿಂತ ದೊಡ್ಡದು ನಾಲ್ಕನೆಯದು. ಬರ್ಕ್ಲಿಯಲ್ಲಿ ಆದದ್ದು ಇಲ್ಲಿ ಆಗಬಾರದು ಎಂದು ಚಾನ್ಸಲರ್ ಮನಸ್ಸಿನಲ್ಲಿತ್ತು. ಬಲಪ್ರಯೋಗ ಬೇಡ, ವಿದ್ಯಾರ್ಥಿಗಳು ಒಪ್ಪದಿದ್ದರೆ ಹಿಂದಿರುಗಿ ಬನ್ನಿ ಎಂಬ ಮಾತು ಮಾತ್ರ ಸ್ಪಷ್ಟ ಆದೇಶವಾಗಿ ಪೊಲೀಸರಿಗೆ ಮುಟ್ಟಲೇ ಇಲ್ಲ. ಕಾರ್ಯಾಚರಣೆ ತೀರ್ಮಾನಿಸಿದ ಆಡಳಿತದ ಸಭೆಯಲ್ಲಿದ್ದ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಂಡು ಎದ್ದರು. ಇಂಥ ಸಂದರ್ಭಕ್ಕೆಂದೇ ಅಮೆರಿಕದಲ್ಲಿ ಘಟನಾ ನಿರ್ವಹಣೆಯ ನಿಗದಿತ ಪದ್ಧತಿ ಇದೆ: ಗುರಿ ಏನು, ಸ್ಥಳದಲ್ಲಿ ಮುಖ್ಯಸ್ಥ ಯಾರು, ಯಾವ ಬಲಕ್ಕೆ ಯಾರ ಅನುಮತಿ ಬೇಕು, ಯಾವಾಗ ವಾಪಸಾಗಬೇಕು ಎಂದೆಲ್ಲ ಮೊದಲೇ ಬರೆದಿಡುವುದು. ಡೇವಿಸ್‌ನಲ್ಲಿ ಅದನ್ನು ಪಾಲಿಸಲಿಲ್ಲ. ಪೊಲೀಸ್ ಇಲಾಖೆಯೊಳಗೇ ನಾಯಕತ್ವ ಕುಸಿದಿತ್ತು ಎಂದೂ ವರದಿ ಹೇಳಿತು.

ಈಗ ಆ ಸ್ಪ್ರೇ ವಿಷಯ. ಕ್ಯಾಂಪಸ್ ಪೊಲೀಸ್ ಲೆಫ್ಟಿನೆಂಟ್ ಜಾನ್ ಪೈಕ್ ಡಬ್ಬಿ ಎತ್ತಿ ಎಲ್ಲರಿಗೂ ಕಾಣುವಂತೆ ತೋರಿಸಿ, ಸಾಲಾಗಿ ಕೂತವರ ಮುಖದ ಮೇಲೆ ನಡೆಯುತ್ತಲೇ ಹೊಡೆದರು. ಇನ್ನೊಬ್ಬ ಪೊಲೀಸನೂ ಹೊಡೆದ. ಅಷ್ಟು ಹೊತ್ತಿಗೆ ಟೆಂಟ್‌ಗಳು ತೆರವಾಗಿದ್ದವು, ಅಂದರೆ ಬಂದ ಕೆಲಸ ಮುಗಿದಿತ್ತು. ಜನ ಸುತ್ತುವರಿದಿದ್ದರು, ಬಂಧಿತರನ್ನು ಕರೆದುಕೊಂಡು ಹೊರಹೋಗಲು ದಾರಿ ಇರಲಿಲ್ಲ ಎಂಬುದು ಪೊಲೀಸರ ಸಮರ್ಥನೆ. ಆದರೆ ಪೈಕ್ ಸ್ವತಃ ಆ ಸಾಲನ್ನು ದಾಟಿಕೊಂಡು ಓಡಾಡಿದ್ದು ವಿಡಿಯೊದಲ್ಲೇ ಇದೆ. ಸ್ಪ್ರೇ ಆದ ಮೇಲೆ ವಿದ್ಯಾರ್ಥಿಗಳು ಒಕ್ಕೊರಲಿನಿಂದ ‘ನೀವು ಹೋಗಬಹುದು’ ಎಂದಾಗ ಪೊಲೀಸರು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೊರಟೂ ಹೋದರು. ಯಾರೂ ತಡೆಯಲಿಲ್ಲ.

ಡಬ್ಬಿಯ ಮಾದರಿಯೂ ಮುಖ್ಯ. ಅದು ಎಂಕೆ-9. ಪೊಲೀಸರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚಿಕ್ಕ ಎಂಕೆ-4 ಅಲ್ಲ. ಎಂಕೆ-9ರ ಒತ್ತಡ ಹೆಚ್ಚು, ದೂರದಿಂದ ಗುಂಪು ಚದುರಿಸಲು ಮಾಡಿದ್ದು. ಕನಿಷ್ಠ 6 ಅಡಿ ದೂರ ಇರಬೇಕೆಂಬ ಸೂಚನೆ ಇದೆ, ಏಕೆಂದರೆ ಹತ್ತಿರದಿಂದ ಹೊಡೆದರೆ ರಭಸಕ್ಕೇ ಕಣ್ಣಿನ ಮೃದು ಭಾಗಕ್ಕೆ ಪೆಟ್ಟಾಗಬಹುದು. ಡೇವಿಸ್‌ನಲ್ಲಿ ಅದಕ್ಕಿಂತ ಎಷ್ಟೋ ಹತ್ತಿರದಿಂದ ಹೊಡೆದರು. ಆ ಇಲಾಖೆಗೆ ಎಂಕೆ-9 ಬಳಸಲು ಅನುಮತಿಯೇ ಇರಲಿಲ್ಲ, ತರಬೇತಿಯೂ ಆಗಿರಲಿಲ್ಲ.

ಇದು ತಪ್ಪೆಂದು ಮೊದಲೇ ತಿಳಿಯಲು ಅವಕಾಶ ಇರಲಿಲ್ಲವೇ? ಖಂಡಿತ ಇತ್ತು. 1997ರಲ್ಲಿ ಅದೇ ರಾಜ್ಯದ ಹಂಬೋಲ್ಟ್ ಕೌಂಟಿಯಲ್ಲಿ ಮರ ಕಡಿಯುವುದನ್ನು ವಿರೋಧಿಸಿ ಕೈ ಬೆಸೆದುಕೊಂಡು ಕೂತವರ ಕಣ್ಣಿಗೆ ಪೊಲೀಸರು ಪೆಪ್ಪರ್ ದ್ರವ ಸವರಿದ್ದರು. ಪ್ರತಿರೋಧ ಒಡ್ಡದೆ ಸುಮ್ಮನೆ ಕೂತವರ ಮೇಲೆ ಹೀಗೆ ಮಾಡುವುದು ಅತಿ ಬಲಪ್ರಯೋಗ ಎಂದು ಒಂಬತ್ತನೇ ಸರ್ಕೀಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯ 2002ರಲ್ಲೇ ಹೇಳಿತ್ತು. ಒಂಬತ್ತು ವರ್ಷ ಹಳೆಯದಾದ, ತಮ್ಮದೇ ರಾಜ್ಯಕ್ಕೆ ಅನ್ವಯವಾಗುವ ತೀರ್ಪು ಪೊಲೀಸ್ ತರಬೇತಿಯಲ್ಲಿ ಇರಲೇಬೇಕಿತ್ತು.

ಎರಡನೇ ಪ್ರಶ್ನೆಗೆ ಬರುತ್ತೇನೆ. ಅಂದು 10 ಮಂದಿಯನ್ನು ಬಂಧಿಸಿದ್ದರು, ಮೊಕದ್ದಮೆ ನಡೆಯಲಿಲ್ಲ. ಸ್ಪಿಕೂಜಾ 2012ರ ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು. ಪೈಕ್ ಸಂಬಳಸಹಿತ ರಜೆಯಲ್ಲಿದ್ದು ಅದೇ ವರ್ಷ ಜುಲೈ ಕೊನೆಗೆ ಕೆಲಸದಿಂದ ಹೊರಬಿದ್ದರು. ಆ ಸೆಪ್ಟೆಂಬರ್‌ನಲ್ಲಿ ಡೇವಿಸ್ ಇರುವ ಯೋಲೊ ಕೌಂಟಿಯ ಜಿಲ್ಲಾ ಅಟಾರ್ನಿ, ಅಂದರೆ ಅಲ್ಲಿನ ಮುಖ್ಯ ಸರ್ಕಾರಿ ವಕೀಲರು, ಪೊಲೀಸರ ಮೇಲೆ ಕ್ರಿಮಿನಲ್ ಕೇಸು ಹಾಕುವುದಿಲ್ಲ ಎಂದರು. ಸಿವಿಲ್ ದಾವೆ 10 ಲಕ್ಷ ಡಾಲರ್‌ಗೆ ರಾಜಿಯಾಯಿತು: 21 ಮಂದಿ ದಾವೆದಾರರಿಗೆ ತಲಾ 30,000, ಮುಂದೆ ಬರಬಹುದಾದ ಇತರ ಸಂತ್ರಸ್ತರಿಗೆಂದು 1 ಲಕ್ಷ, ಉಳಿದದ್ದು ವಕೀಲರ ಮತ್ತು ದಾವೆಯ ಖರ್ಚಿಗೆ. 2013ರಲ್ಲಿ ಪೈಕ್‌ಗೆ ಘಟನೆಯ ನಂತರದ ಮಾನಸಿಕ ತೊಂದರೆಗಾಗಿ 38,055 ಡಾಲರ್ ನೌಕರ ಪರಿಹಾರ ಸಿಕ್ಕಿತು. ತಲಾ ಲೆಕ್ಕದಲ್ಲಿ ಇದು ಸ್ಪ್ರೇ ತಿಂದ ವಿದ್ಯಾರ್ಥಿಗೆ ಸಿಕ್ಕಿದ್ದಕ್ಕಿಂತ ಹೆಚ್ಚು, ಅದು ನನಗೆ ಇಂದಿಗೂ ಸಹಿಸಲಾಗದ ವಿಷಯ. ಕಟೇಹಿ ಕ್ಷಮೆ ಕೇಳಿ ಹುದ್ದೆಯಲ್ಲಿ ಉಳಿದರು. ಇಂಟರ್‌ನೆಟ್ಟಿನಲ್ಲಿ ಈ ಘಟನೆಯ ಸುದ್ದಿ ಹಿಂದೆ ಸರಿಯುವಂತೆ ಮಾಡಲು ವಿಶ್ವವಿದ್ಯಾಲಯ ಕನಿಷ್ಠ 1,75,000 ಡಾಲರ್ ಕೊಟ್ಟು ಸಲಹಾ ಕಂಪನಿಗಳನ್ನು ನೇಮಿಸಿತ್ತು ಎಂಬುದು 2016ರಲ್ಲಿ ಹೊರಬಂತು. ಅದೂ ಸೇರಿದಂತೆ ಹಲವು ಆರೋಪಗಳ ನಡುವೆ ಅವರು ಆ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು.

ವ್ಯವಸ್ಥೆಯ ಮಟ್ಟದಲ್ಲಿ ಬಂದದ್ದು ವಿಶ್ವವಿದ್ಯಾಲಯವು ಪ್ರತಿಭಟನೆಗಳನ್ನು ನಿಭಾಯಿಸುವ ರೀತಿಯ ಕುರಿತ 2012ರ ರಾಬಿನ್ಸನ್-ಎಡ್ಲಿ ವರದಿ, ಅದರಲ್ಲಿ 49 ಶಿಫಾರಸುಗಳು. ಪೊಲೀಸರನ್ನು ಕರೆಯುವ ಮೊದಲು ಮಾತುಕತೆ, ಹಿರಿಯ ಆಡಳಿತಾಧಿಕಾರಿ ಸ್ಥಳದಲ್ಲೇ ಇರಬೇಕೆಂಬುದು ಅವುಗಳ ಸಾರ. ಎರಡನೆಯದು ನನಗೆ ಹೆಚ್ಚು ಮುಖ್ಯ. ಫೋನಿನ ಆ ತುದಿಯಲ್ಲಿ ಕೂತು ತೀರ್ಮಾನ ಮಾಡುವವರಿಗೆ ಎದುರಿಗಿರುವವರ ಮುಖ ಕಾಣುವುದಿಲ್ಲ.

ಇನ್ನು ಸ್ಪ್ರೇ ಬಿದ್ದರೆ. ಅದರ ಖಾರ ಮೆಣಸಿನಕಾಯಿಯ ಎಣ್ಣೆಯಂಶದ್ದು, ಹಾಗಾಗಿ ಸ್ವಲ್ಪ ನೀರು ಚಿಮುಕಿಸಿದರೆ ಹೋಗುವುದಿಲ್ಲ, ಹರಡುತ್ತದೆ. ಗಾಳಿ ಬರುವ ಬದಿಗೆ ಸರಿಯಿರಿ. ಕಣ್ಣು, ಮುಖ ಉಜ್ಜಬೇಡಿ, ಪಟಪಟ ರೆಪ್ಪೆ ಬಡಿಯಿರಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಸ್ಪ್ರೇ ತಾಗದ ಕೈಯವರು ತೆಗೆಯಬೇಕು, ಆ ಲೆನ್ಸ್ ಮತ್ತೆ ಹಾಕಬೇಡಿ. ತಣ್ಣನೆಯ ಶುದ್ಧ ನೀರು ಅಥವಾ ಸಲೈನನ್ನು ಕಣ್ಣಿನ ಒಳಮೂಲೆಯಿಂದ ಹೊರಕ್ಕೆ ಹರಿಯುವಂತೆ 10-15 ನಿಮಿಷ ಧಾರೆ ಬಿಡಿ. ತಲೆ ಓರೆ ಮಾಡಿದರೆ ನೀರು ಇನ್ನೊಂದು ಕಣ್ಣಿಗೆ ಇಳಿಯುವುದಿಲ್ಲ. ಚರ್ಮಕ್ಕೆ ಮಕ್ಕಳ ಶಾಂಪೂ ಹಾಕಿ ತೊಳೆದು, ಒರೆಸದೆ ಒತ್ತಿ ಒಣಗಿಸಿ. ಕೊಬ್ಬರಿ ಎಣ್ಣೆ, ಕ್ರೀಮು ಹಚ್ಚಬೇಡಿ, ಖಾರ ಚರ್ಮಕ್ಕೇ ಅಂಟಿ ಕೂರುತ್ತದೆ. ಹಾಲು ಕ್ಷಣಕಾಲ ತಂಪು ಕೊಟ್ಟರೂ ಶುದ್ಧ ನೀರಿಗಿಂತ ಮೇಲಲ್ಲ, ಕಣ್ಣಿಗೆ ಹಾಕಿದರೆ ಸೋಂಕಿನ ಭಯ ಬೇರೆ. ಟಿ-ಶರ್ಟನ್ನು ತಲೆಯ ಮೇಲಿಂದ ಎಳೆಯದೆ ಕತ್ತರಿಸಿ ತೆಗೆಯುವುದು ಒಳ್ಳೆಯದು. ಸಾಮಾನ್ಯವಾಗಿ 30-45 ನಿಮಿಷಕ್ಕೆ ಉರಿ ಇಳಿಯತೊಡಗುತ್ತದೆ. ಅಸ್ತಮಾ ಇರುವವರಿಗೆ ಉಸಿರು ಕಟ್ಟಿದರೆ, ಅಥವಾ ಗಂಟೆಗಳ ಮೇಲೂ ಕಣ್ಣು ಮಂಜಾಗಿದ್ದರೆ, ಬೆಳಕು ಸಹಿಸಲಾಗದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಎಫ್-1 ವೀಸಾದಲ್ಲಿ ಅಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಒಂದು ಮಾತು. ಶಿಕ್ಷೆಯಾಗದಿದ್ದರೂ ಬಂಧನದ ದಾಖಲೆಯೇ ವೀಸಾಗೆ ತೊಡಕಾಗಬಹುದು, ವಿಶ್ವವಿದ್ಯಾಲಯದ ಶಿಸ್ತುಕ್ರಮ ಅದರಿಂದ ಬೇರೆ. ಪ್ರತಿಭಟನೆಗೆ ಹೋಗಬೇಡಿ ಎನ್ನುತ್ತಿಲ್ಲ, ಹೋಗುವ ಮೊದಲು ವಲಸೆ ವಕೀಲರ ಫೋನ್ ನಂಬರು ತೋಳಿನ ಮೇಲೆ ಬರೆದುಕೊಂಡಿರಿ, ಪೊಲೀಸರು ಫೋನ್ ತೆಗೆದುಕೊಂಡರೆ ನಂಬರು ನೆನಪಿಗೆ ಬರುವುದಿಲ್ಲ. ಚದುರಿ ಎಂಬ ಪೊಲೀಸರ ಘೋಷಣೆ ಕೇಳಿಸಿದ ಸಮಯ ಮತ್ತು ಮಾತು ಬರೆದಿಡಿ.

ಸಾಕ್ಷ್ಯದ ವಿಚಾರದಲ್ಲಿ ಡೇವಿಸ್ ವಿದ್ಯಾರ್ಥಿಗಳ ಕೈ ಹಿಡಿದದ್ದು ಹಲವು ಕೋನಗಳಿಂದ ತೆಗೆದ ವಿಡಿಯೊಗಳು. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಸಿಕ್ಕಿತು. ವಿಡಿಯೊದ ಮೂಲ ಫೈಲನ್ನು ಅಳಿಸದೆ ಇಡಿ, ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ಸಮಯದ ವಿವರವೂ ಕಳೆದುಹೋಗುತ್ತದೆ. ಕಲೆಯಾದ ಬಟ್ಟೆಯನ್ನು ಒಗೆಯದೆ ಚೀಲದಲ್ಲಿ ಕಟ್ಟಿಡಿ, ಅದೇ ದಿನ ವೈದ್ಯರ ಚೀಟಿ ಮಾಡಿಸಿ. ಕ್ಯಾಲಿಫೋರ್ನಿಯಾದಲ್ಲಿ ನಗರ ಅಥವಾ ಕೌಂಟಿ ಪೊಲೀಸರಿಂದ ಗಾಯವಾಗಿದ್ದರೆ ಪರಿಹಾರದ ಅರ್ಜಿಗೆ ಗಡುವು 6 ತಿಂಗಳು, ಫೆಡರಲ್ ನಾಗರಿಕ ಹಕ್ಕಿನ ದಾವೆಗೆ 2 ವರ್ಷ. ಮೊದಲ ವಾರದಲ್ಲೇ ವಕೀಲರನ್ನು ಕಾಣಿ.