ಅತ್ತೆ ಕೇಳಿದ್ದು ದೇವರ ಬಗ್ಗೆ ಅಲ್ಲ

ಪ್ರಶ್ನೆ: ನಾನು ಹುಟ್ಟಿ ಬೆಳೆದಿದ್ದು ಮೈಸೂರಿನ ಕುವೆಂಪುನಗರದಲ್ಲಿ. ಅಪ್ಪ ಅಮ್ಮ ಮಂತ್ರ ಮಾಂಗಲ್ಯದಲ್ಲಿ ಮದುವೆಯಾದವರು. ಮನೆಯಲ್ಲಿ ದೇವರ ಕೋಣೆ ಇರಲಿಲ್ಲ, ಹಬ್ಬ ಅಂದರೆ ಒಬ್ಬಟ್ಟು, ಅಷ್ಟೇ. ಮದುವೆಯಾಗಿ ಬಂದಿದ್ದು ಪಾಂಡವಪುರದ ಕಡೆಯ ಮನೆಗೆ. ಇಲ್ಲಿ ಸೋಮವಾರಕ್ಕೊಂದು, ಶನಿವಾರಕ್ಕೊಂದು, ಅಮಾವಾಸ್ಯೆಗೊಂದು ನೇಮ. ಈಗ 11 ತಿಂಗಳ ಮಗನ ಮುಡಿಯನ್ನು ನಂಜನಗೂಡಿನಲ್ಲಿ ಕೊಡಬೇಕು ಅಂತ ಅತ್ತೆ ಹಿಡಿದುಕೊಂಡಿದ್ದಾರೆ. ಕೈ ಮುಗಿದರೆ ನನಗೇ ನಾಟಕ ಅನ್ನಿಸುತ್ತದೆ. ಸುಮ್ನೆ ನಿಂತರೆ ಜಂಬ ಅಂತಾರೆ. ಅಪ್ಪ ‘ಹೋಗಲೇಬೇಡ’ ಅಂತಿದ್ದಾರೆ. ಇನ್ನೊಂದು ವಿಷಯ, ಮಾವನಿಗೆ ಸಕ್ಕರೆ ಕಾಯಿಲೆ. ಹರಕೆ ಹೊತ್ತ ಮೇಲೆ ಅತ್ತೆ ಅವರ ಮಾತ್ರೆ ಕಡಿಮೆ ಮಾಡಿಸಿದ್ದಾರೆ. ನಾನು ಎಲ್ಲಿ ಮಾತಾಡಲಿ, ಎಲ್ಲಿ ಸುಮ್ಮನಿರಲಿ?
– ಹೆಸರು ಬೇಡ, ಪಾಂಡವಪುರ ತಾಲ್ಲೂಕು

ಉತ್ತರ: ನಿಮ್ಮ ಅತ್ತೆ ನಿಮ್ಮನ್ನು ‘ದೇವರಿದ್ದಾನಾ’ ಅಂತ ಕೇಳಿಲ್ಲ ತಾಯಿ. ‘ಬರ್ತೀಯಾ’ ಅಂತ ಕೇಳಿದ್ದಾರೆ. ನೀವು ಮೊದಲನೇ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಿದ್ದೆ ಕೆಡಿಸಿಕೊಂಡಿದ್ದೀರಿ. ಆ ಪ್ರಶ್ನೆಯನ್ನು ನಂಜನಗೂಡಿನಲ್ಲಿ ಯಾರೂ ನಿಮಗೆ ಹಾಕುವುದಿಲ್ಲ. ಸಾಲಿನಲ್ಲಿ ನಿಂತವರ ನಂಬಿಕೆ ಎಷ್ಟಿದೆ ಅಂತ ಅಳೆದು ಒಳಗೆ ಬಿಡುವ ಪದ್ಧತಿ ಶ್ರೀಕಂಠೇಶ್ವರನ ಗುಡಿಯಲ್ಲಿ ಇಲ್ಲ.

ಬಿಡುವಾದಾಗ ಅತ್ತೆಯ ಜೊತೆ ಕೂತು ಒಂದು ಮಾತು ಕೇಳಿ. ‘ಈ ಹರಕೆ ಯಾವಾಗ ಹೊತ್ತಿದ್ರಿ ಅತ್ತೆ?’ ನೀವು ಹೆರಿಗೆ ವಾರ್ಡಿನ ಒಳಗಿದ್ದಾಗ ಅವರು ಹೊರಗಿನ ಬೆಂಚಿನ ಮೇಲೆ ಕೂತು ಹೊತ್ತಿರಬಹುದು, ಇಲ್ಲವೇ ಮಗುವಿಗೆ ಜ್ವರ ಬಂದ ರಾತ್ರಿ ಇರಬಹುದು. ಅದು ಅವರು ಕೊಟ್ಟ ಮಾತು, ನೀವು ಕೊಟ್ಟಿದ್ದಲ್ಲ. ಅವರ ಮಾತು ಅವರು ತೀರಿಸಿಕೊಳ್ಳುವಾಗ ಜೊತೆಗೆ ಹೋಗುವುದರಲ್ಲಿ ನಾಟಕ ಎಲ್ಲಿಂದ ಬಂತು? ದೇವರಿಲ್ಲದ ಮನೆಯಲ್ಲಿ ಬೆಳೆದವರಿಗೆ ಇದೊಂದು ತೊಂದರೆ. ಎದುರಿನವರು ಆಡುವ ಪ್ರತಿ ಮಾತೂ ವಾದದ ಹಾಗೆ ಕೇಳಿಸುತ್ತದೆ. ಅದರಲ್ಲಿ ಮುಕ್ಕಾಲು ಪಾಲು ವಾದವೇ ಅಲ್ಲ, ಸಂಸಾರ.

ಕೈ ಮುಗಿಯುವ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮುಗಿಯಬೇಕು ಅನ್ನಿಸಿದರೆ ಮುಗಿಯಿರಿ, ಇಲ್ಲದಿದ್ದರೆ ಮಗುವನ್ನು ಎತ್ತಿಕೊಳ್ಳಿ, ಎರಡೂ ಕೈ ತುಂಬಿರುತ್ತವೆ. ದೇವಸ್ಥಾನಕ್ಕೆ ಹೋದ ಯಾವ ಗುಂಪಿನಲ್ಲಾದರೂ ಬ್ಯಾಗು, ಚಪ್ಪಲಿ ನೋಡಿಕೊಳ್ಳುವುದಕ್ಕೆ ಒಬ್ಬರು ಬೇಕೇ ಬೇಕು. ಆದರೆ ನೇರವಾಗಿ ‘ನಿಂಗೆ ನಂಬಿಕೆ ಇಲ್ವಾ?’ ಅಂತ ಕೇಳಿದ ದಿನ ಸುಳ್ಳು ಹೇಳಬೇಡಿ. ‘ಇಲ್ಲ ಅತ್ತೆ, ನಾನು ಬೆಳೆದಿದ್ದು ಹಾಗೆ. ನಿಮ್ಮ ಜೊತೆ ಬರೋಕೆ ಬೇಜಾರಿಲ್ಲ’ ಅಂದರೆ ಸಾಕು. ಅದಕ್ಕೆ ಕಾರಣ, ಪುರಾವೆ ಸೇರಿಸಿ ಭಾಷಣ ಮಾಡಬೇಡಿ.

ಅಲ್ಲಿ ನಿಮ್ಮ ಕಣ್ಣು ಇರಬೇಕಾದ್ದು ಕತ್ತಿಯ ಮೇಲೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಲೆಗೆ ನೀರು ಹಚ್ಚಿ, ಎರಡು ನಿಮಿಷಕ್ಕೆ ಕೆಲಸ ಮುಗಿಸುತ್ತಾರೆ, ಅಷ್ಟರಲ್ಲಿ ಮಗು ಕಿರುಚಿ ಕೆಂಪಾಗಿರುತ್ತದೆ. ನಿಮ್ಮ ಎದುರಿಗೇ ಹೊಸ ಬ್ಲೇಡು ಹಾಕಿಸಿ. ಬೇಕಾದರೆ ಮನೆಯಿಂದಲೇ ಒಂದು ಪ್ಯಾಕೆಟ್ ತಗೊಂಡು ಹೋಗಿ. ನೆತ್ತಿಯ ಮೆತ್ತನೆ ಜಾಗ ಸಾಮಾನ್ಯವಾಗಿ ಕೂಡಿಕೊಳ್ಳುವುದು 12ರಿಂದ 18 ತಿಂಗಳ ಒಳಗೆ, ನಿಮ್ಮ ಮಗನಿಗೆ ಇನ್ನೂ 11. ಆ ಜಾಗದಲ್ಲಿ ಕೈ ಹಗುರವಾಗಿರಲಿ ಅಂತ ಬಾಯಿ ಬಿಟ್ಟು ಹೇಳಿ. ಕಪಿಲಾ ನದಿಯಲ್ಲಿ ಮಗುವನ್ನು ಮುಳುಗಿಸುವುದು ಬೇಡ, ಮನೆಯಿಂದ ಫ್ಲಾಸ್ಕಿನಲ್ಲಿ ಒಯ್ದ ಬಿಸಿನೀರು ಬೆರೆಸಿ ಚೊಂಬಿನಲ್ಲಿ ಹುಯ್ದರೆ ಆಯಿತು. ಇದಕ್ಕೆ ಅತ್ತೆ ಬೇಡ ಅನ್ನುವುದಿಲ್ಲ, ಮೊಮ್ಮಗ ಅವರಿಗೂ ಅಷ್ಟೇ ಮುಖ್ಯ.

ಇನ್ನು ಮಾವನ ಮಾತ್ರೆ. ಇಲ್ಲಿ ಸುಮ್ಮನಿರಬೇಡಿ. ಇದು ಜೊತೆಗೆ ಹೋಗುವ, ಬಿಡುವ ಮಾತಲ್ಲ. ಸಕ್ಕರೆ ಏರಿದ್ದು ತಿಂಗಳುಗಟ್ಟಲೆ ಮೇಲಕ್ಕೆ ಗೊತ್ತೇ ಆಗದೆ ಇರಬಹುದು. ಒಳಗೊಳಗೇ ಕಣ್ಣು, ಕಿಡ್ನಿ, ಕಾಲಿನ ನರ ಹಾಳಾಗುತ್ತಿರುತ್ತವೆ. ‘ಆರಾಮಾಗೇ ಇದ್ದಾರಲ್ಲ’ ಅನ್ನುವ ಮಾತನ್ನು ಅದಕ್ಕೇ ನಂಬಬಾರದು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಕೊಟ್ಟ ಡಾಕ್ಟರ ಮುಂದೆಯೇ ಚೀಟಿ ಇಡಿ. ಹರಕೆಯನ್ನು ಬೈಯಬೇಡಿ. ತೀರ್ಥವನ್ನೂ ಕುಡಿಯಲಿ, ಮಾತ್ರೆಯನ್ನೂ ನುಂಗಲಿ. ಟಿಪ್ಪುವಿನ ಪಟ್ಟದ ಆನೆಗೆ ಕಣ್ಣು ವಾಸಿಯಾಯಿತು, ಅದಕ್ಕೇ ಅವನು ನಂಜುಂಡನನ್ನು ‘ಹಕೀಂ ನಂಜುಂಡ’, ಅಂದರೆ ವೈದ್ಯ ನಂಜುಂಡ, ಅಂತ ಕರೆದು ಪಚ್ಚೆಲಿಂಗ ಕೊಟ್ಟ ಅಂತ ಪ್ರತೀತಿ ಇದೆಯಲ್ಲ, ಅತ್ತೆಗೆ ಅದು ಗೊತ್ತೇ ಇರುತ್ತದೆ. ಹಕೀಮನಿಗೆ ನಡೆದುಕೊಳ್ಳುವವರು ಔಷಧಿ ಬಿಡುವುದು ಹೇಗೆ ಅಂತ ಅವರ ದಾರಿಯಲ್ಲೇ ಕೇಳಬಹುದು. ಆದರೆ ಈ ಮಾತನ್ನು ಸೊಸೆ ತೆಗೆಯುವುದು ಬೇಡ. ನಿಮ್ಮ ಗಂಡ ಎಲ್ಲಿದ್ದಾರೆ ಈ ಕತೆಯಲ್ಲಿ? ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ. ಅಪ್ಪ ಅವರದು, ಅಮ್ಮನೂ ಅವರದು, ಅವರೇ ಮಾತಾಡಲಿ.

ನಿಮ್ಮ ತಂದೆಯವರಿಗೂ ಒಂದು ಮಾತು. ಗುಡಿಯ ಹೊಸ್ತಿಲು ದಾಟಿದರೆ ನಮ್ಮ ವಿಚಾರ ಕೆಟ್ಟುಹೋಗುತ್ತದೆ ಅನ್ನುವುದೂ ಒಂದು ಥರದ ಮಡಿಯೇ ಸ್ವಾಮಿ.

ಪ್ರಶ್ನೆ: ಮಗಳನ್ನು ಶಾಲೆಗೆ ಸೇರಿಸುವ ಅರ್ಜಿಯಲ್ಲಿ ‘ಧರ್ಮ’ ಅನ್ನುವ ಕಾಲಂ ಇದೆ. ನಮಗೆ ಯಾವುದೂ ಇಲ್ಲ. ಖಾಲಿ ಬಿಟ್ಟರೆ ‘ಹಾಗೆಲ್ಲ ಬಿಡೋ ಹಾಗಿಲ್ಲ’ ಅಂತ ವಾಪಸ್ ಕೊಟ್ಟರು. ನಿಜವೇ?
– ಒಬ್ಬ ತಂದೆ, ಮಂಡ್ಯ

ಉತ್ತರ: ‘ಇಲ್ಲ’ ಅಂತ ಬರೆದು ಕೊಡಿ, ಖಾಲಿ ಬಿಡುವುದಕ್ಕಿಂತ ಅದು ವಾಸಿ. ಸಂವಿಧಾನದ 25ನೇ ವಿಧಿ ಕೊಡುವುದು ಧರ್ಮದ ಸ್ವಾತಂತ್ರ್ಯ ಮಾತ್ರವಲ್ಲ, ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಕೊಡುತ್ತದೆ. ಧರ್ಮ ಹೇಳಲೇಬೇಕು ಅಂತ ಸರ್ಕಾರ ಯಾರನ್ನೂ ಬಲವಂತ ಮಾಡುವಂತಿಲ್ಲ, ನನಗೆ ಯಾವ ಧರ್ಮವೂ ಇಲ್ಲ ಅನ್ನುವ ಹಕ್ಕು ಎಲ್ಲರಿಗೂ ಇದೆ ಅಂತ ಬಾಂಬೆ ಹೈಕೋರ್ಟ್ 2014ರಲ್ಲಿ ಹೇಳಿದೆ. 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರ ಲೆಕ್ಕಕ್ಕೆ ಸೇರಿದವರೇ ಸುಮಾರು 28.7 ಲಕ್ಷ ಜನ. ಗುಮಾಸ್ತರ ಜೊತೆ ಜಗಳಕ್ಕೆ ನಿಲ್ಲಬೇಡಿ, ಪಾಪ ಅವರ ಕಂಪ್ಯೂಟರು ಖಾಲಿ ಜಾಗ ಒಪ್ಪದಿರಬಹುದು. ಮುಖ್ಯೋಪಾಧ್ಯಾಯರಿಗೆ ಎರಡು ಸಾಲಿನ ಪತ್ರ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ಪ್ರಶ್ನೆ: ನಮ್ಮೂರ ಹಬ್ಬದಲ್ಲಿ ಕೊಂಡ ಹಾಯುತ್ತಾರೆ. ಕಾಲು ಸುಡದಿರುವುದು ದೇವರ ಶಕ್ತಿ ಅಂತ ಫ್ರೆಂಡ್ಸ್ ಹೇಳುತ್ತಾರೆ. ಅದರಲ್ಲಿ ಏನೂ ಪವಾಡ ಇಲ್ಲ ಅಂದಿದ್ದಕ್ಕೆ ಊರವರೆಲ್ಲ ನನ್ನ ಮೇಲೆ ಬಿದ್ದರು. ನಾನು ಹೇಳಿದ್ದು ತಪ್ಪಾ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಮದ್ದೂರು

ಉತ್ತರ: ಹೇಳಿದ್ದು ಸರಿ, ಹೇಳಿದ ಹೊತ್ತು ಸರಿಯಿಲ್ಲ. ಉಪವಾಸವಿದ್ದು, ಒದ್ದೆ ಬಟ್ಟೆಯಲ್ಲಿ ಕೊಂಡದ ಮುಂದೆ ನಿಂತವನಿಗೆ ಫಿಸಿಕ್ಸ್ ಪಾಠ ಬೇಡ. ಪಾಠ ಮಾತ್ರ ನಿಜ. ಸೌದೆಯ ಕೆಂಡ ತನ್ನ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ಮೇಲೆ ಬೂದಿಯ ಪದರ ಬೇರೆ. ಬಿರಬಿರನೆ ನಡೆದರೆ ಒಂದೊಂದು ಹೆಜ್ಜೆ ಕೆಂಡಕ್ಕೆ ತಾಗುವುದು ಒಂದು ಸೆಕೆಂಡಿಗೂ ಕಡಿಮೆ. ಅಷ್ಟೇ ಶಾಖದ ಕಬ್ಬಿಣದ ತಗಡನ್ನು ಹಾಸಿದರೆ ಎಂಥ ಭಕ್ತನ ಅಂಗಾಲೂ ಕಿತ್ತು ಬರುತ್ತದೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿಯನ್ನೇ ಮಾಡಿದ್ದರು. ಸತ್ಯಸಾಯಿ ಬಾಬಾ ಅವರಿಗೇ ಪತ್ರ ಬರೆದು ಪರೀಕ್ಷೆಗೆ ಕರೆದಿದ್ದರು, ಅವರು ಒಪ್ಪಲಿಲ್ಲ. ನರಸಿಂಹಯ್ಯನವರು ಕೇಳಿದ್ದು ಯಾರನ್ನು ಅಂತ ಗಮನಿಸಿ. ಪವಾಡ ಮಾಡುತ್ತೇನೆ ಅಂದವರನ್ನು. ಸಾಲಿನಲ್ಲಿ ನಿಂತ ಭಕ್ತರನ್ನಲ್ಲ.

ಕೊಂಡದ ಹತ್ತಿರ ನೀವು ಬಾಯಿ ಬಿಡಲೇಬೇಕಾದ ಜಾಗ ಬೇರೆ ಇದೆ. ಸುಡುವುದು ನಡೆದವರಿಗೆ ಕಡಿಮೆ, ಎಡವಿದವರಿಗೆ ಜಾಸ್ತಿ. ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಯಲು ನಿಂತವರನ್ನು ಕಂಡರೆ ಪವಾಡದ ಮಾತೇ ಎತ್ತಬೇಡಿ. ‘ಮಗೂನ ನಂಗೆ ಕೊಡಣ್ಣ, ಹಿಡ್ಕೊಂಡಿರ್ತೀನಿ, ನೀನು ಹಾಯ್ದು ಬಾ’ ಅನ್ನಿ. ಒಲ್ಲೆ ಅಂದವರನ್ನು ಯಾರಾದರೂ ಬಲವಂತವಾಗಿ ಇಳಿಸಿದರೆ ಅದು ನಮ್ಮ ರಾಜ್ಯದ 2017ರ ಮೌಢ್ಯ ತಡೆ ಕಾಯ್ದೆಯ ಕೆಳಗೆ ಅಪರಾಧ, ಅದನ್ನು ಹಬ್ಬಕ್ಕೆ ಮುಂಚೆಯೇ ಯಜಮಾನರ ಕಿವಿಗೆ ಹಾಕಿಡಿ. ಜೊತೆಗೆ ಎರಡು ಡ್ರಮ್ ತಣ್ಣೀರು ಇಡಿಸಿ. ಸುಟ್ಟ ಕಾಲಿಗೆ 20 ನಿಮಿಷ ನೀರು ಹುಯ್ಯಬೇಕು. ಟೂತ್‌ಪೇಸ್ಟ್, ಇಂಕು, ಅರಿಶಿನ ಯಾವುದೂ ಬೇಡ.